ತಾತನ ಧೈರ್ಯ, ಊರಿನ ಲೋಟ

ನಮ್ಮ ತಾತ ಸತ್ತ ದಿನ ಊರಿನವರು ಅವನನ್ನು ವೀರ ಅಂದರು. ಅದಕ್ಕೆ ಮೂರು ವರ್ಷ ಮುಂಚೆ ನಾನು ಅವನನ್ನು ಹೇಡಿ ಅಂದಿದ್ದೆ. ಅವರು ಅಂದದ್ದು ಹೆಣದ ಮುಂದೆ. ನಾನು ಅಂದದ್ದು ಬದುಕಿದ್ದವನ ಮುಖಕ್ಕೆ. ಎರಡು ಮಾತಿನಲ್ಲೂ ಅನ್ಯಾಯವಿತ್ತು ಅಂತ ಈಗ ಅನ್ನಿಸುತ್ತಿದೆ. ಧೈರ್ಯ ಅನ್ನುವುದು ಒಬ್ಬ ಮನುಷ್ಯನ ಎದೆಯೊಳಗೆ ಹುಟ್ಟಿನಿಂದ ಇರುವ ವಸ್ತುವೇ? ಹಾಗಿದ್ದರೆ ಗಡಿಯಲ್ಲಿ ಇದ್ದ ಧೈರ್ಯ ಊರಿನ ಹೋಟ್ಲಿನ ಮುಂದೆ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ನಮ್ಮೊಂದು ಮನೆಯದಲ್ಲ ಅಂತ ನಂಬಿ ಇಲ್ಲಿ ಬರೆಯುತ್ತಿದ್ದೇನೆ.

ತಾತ ಹುಟ್ಟಿದ್ದು 1945ರಲ್ಲಿ, ಕೋಲಾರ ಸೀಮೆಯ ಒಂದು ಕೇರಿಯಲ್ಲಿ. ತಾರೀಖು ಯಾರಿಗೂ ಗೊತ್ತಿರಲಿಲ್ಲ. ಭರ್ತಿ ಮಾಡಿಕೊಂಡ ಗುಮಾಸ್ತ ಬರೆದದ್ದೇ ಕೊನೆಯವರೆಗೂ ತಾರೀಖಾಯಿತು. 1962ರಲ್ಲಿ ಚೀನಾ ಎದುರು ಸೋತ ಮೇಲೆ ಸರ್ಕಾರ ಸೈನ್ಯವನ್ನು ದೊಡ್ಡದು ಮಾಡಲು ಹೊರಟಿತು. ಆಗ, 1963ರಲ್ಲಿ, ತಾತ ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಮದ್ರಾಸ್ ಸ್ಯಾಪರ್ಸ್ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತ. ದೇಶಪ್ರೇಮದಿಂದ ಹೋದೆ ಅಂತ ಅವನು ಯಾವತ್ತೂ ಹೇಳಿದವನಲ್ಲ. "ಮೂರೊತ್ತು ಊಟ ಹಾಕ್ತಾರೆ, ಬೂಟು ಕೊಡ್ತಾರೆ ಅಂದ್ರು. ಹೋದೆ" ಅನ್ನುತ್ತಿದ್ದ. ಆ ಬೂಟಿನ ಮಾತನ್ನು ಚಿಕ್ಕಂದಿನಲ್ಲಿ ಕೇಳಿ ನಾನು ನಗುತ್ತಿದ್ದೆ. ಆ ಕಾಲದಲ್ಲಿ ನಮ್ಮ ಕೇರಿಯವರು ಊರೊಳಗೆ ಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕಿತ್ತು ಅಂತ ತಿಳಿದ ಮೇಲೆ ನಗು ನಿಂತಿತು.

ಸ್ಯಾಪರ್ ಅಂದರೆ ಸೈನ್ಯದ ಇಂಜಿನಿಯರ್ ದಳದ ಸಿಪಾಯಿ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ದಳಕ್ಕೆ ಕುಡಿಯುವ ನೀರು ಒದಗಿಸುವುದು, ಮೈನು ಹೂಳುವುದು, ಶತ್ರು ಹೂಳಿದ ಮೈನು ಕೀಳುವುದು ಅವನ ಕೆಲಸ. ಮದ್ರಾಸ್ ಸ್ಯಾಪರ್ಸ್ ತನ್ನ ಹುಟ್ಟನ್ನು 1780ರಿಂದ ಎಣಿಸುತ್ತದೆ. ದಕ್ಷಿಣದ ಅಸ್ಪೃಶ್ಯ ಜಾತಿಗಳ ಮಕ್ಕಳು ಬ್ರಿಟಿಷರ ಕಾಲದಿಂದಲೂ ಅದರಲ್ಲಿದ್ದರು. ಮಣ್ಣು ಅಗೆಯುವ ಕೆಲಸ ಬಂದರೆ ಊರಿಗೂ ನಮ್ಮವರೇ ಬೇಕು, ಸಾಮ್ರಾಜ್ಯಕ್ಕೂ ನಮ್ಮವರೇ ಬೇಕು. ಆದರೂ ಒಂದು ವ್ಯತ್ಯಾಸವನ್ನು ತಾತ ಒತ್ತಿ ಹೇಳುತ್ತಿದ್ದ. ಬ್ಯಾರಕ್ಕಿನಲ್ಲಿ ಎಲ್ಲರ ತಟ್ಟೆಯನ್ನೂ ಒಂದೇ ಕಡೆ ತೊಳೆಯುತ್ತಿದ್ದರು. ಯಾರ ತಟ್ಟೆ ಯಾರದು ಅಂತ ಗೊತ್ತಾಗುತ್ತಿರಲಿಲ್ಲ. "ನಂಗೆ ಮೊದಲ್ನೇ ವಾರ ಅನ್ನ ಇಳೀಲಿಲ್ಲ ಕಣಪ್ಪ. ಯಾರಾದ್ರೂ ಬಂದು ಏಳು ಮೇಲೆ ಅಂತಾರೇನೋ ಅಂತ ಬಾಗ್ಲು ನೋಡ್ಕೊಂಡೇ ಉಣ್ತಿದ್ದೆ." ಹದಿನೆಂಟು ವರ್ಷದ ಹುಡುಗನಿಗೆ ಊರು ಕಲಿಸಿದ್ದ ಪಾಠ ಅದು.

1971ರ ಡಿಸೆಂಬರಿನಲ್ಲಿ ತಾತ ಪಶ್ಚಿಮದ ಗಡಿಯಲ್ಲಿ, ಶಕರ್‌ಗಢದ ಕಡೆ ಇದ್ದ. ಅಲ್ಲಿ ಬಸಂತರ್ ಅನ್ನುವ ಹೊಳೆ. ಅದರ ಆಸುಪಾಸಿನ ಹೊಲಗಳ ತುಂಬ ಮೈನು. 15ರ ರಾತ್ರಿ ನಮ್ಮ ಟ್ಯಾಂಕುಗಳು ದಾಟಬೇಕು. ದಾಟುವ ಮುಂಚೆ ಸ್ಯಾಪರ್‌ಗಳು ದಾರಿ ಮಾಡಿಕೊಡಬೇಕು. ದಾರಿ ಪೂರ್ತಿ ಆಗುವ ಮೊದಲೇ ಪೂನಾ ಹಾರ್ಸ್ ದಳದ ಟ್ಯಾಂಕುಗಳು ನುಗ್ಗಬೇಕಾಗಿ ಬಂತು. ಮರುದಿನ, ಡಿಸೆಂಬರ್ 16ರಂದು, ಆ ದಳದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಟ್ಯಾಂಕಿನೊಳಗೇ ಸತ್ತರು. ಅವರಿಗೆ 21 ವರ್ಷ. ಪರಮವೀರ ಚಕ್ರ ಬಂತು. ಆ ಹುಡುಗನ ಹೆಸರು ದೇಶಕ್ಕೆ ಗೊತ್ತಿದೆ, ಗೊತ್ತಿರಬೇಕಾದದ್ದೇ. ಆ ಟ್ಯಾಂಕುಗಳ ಮುಂದೆ ಕತ್ತಲಲ್ಲಿ ಹೊಟ್ಟೆಯ ಮೇಲೆ ತೆವಳಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಮೈನು ಕೀಳುವುದನ್ನು ತಾತ ನೆಲದ ಮೇಲೆ ಮಲಗಿಯೇ ತೋರಿಸುತ್ತಿದ್ದ. ಎಪ್ಪತ್ತು ದಾಟಿದ ಮೇಲೂ ತೋರಿಸಿದ. "ನೆಟ್ಟಗೆ ಚುಚ್ಬಾರ್ದು. ಓರೆಯಾಗಿ ಚುಚ್ಬೇಕು. ನೆಟ್ಟಗೆ ಚುಚ್ಚಿದ್ರೆ ಅದರ ತಲೆ ಮೇಲೇ ಬೀಳ್ತದೆ. ಓರೆಯಾಗಿ ಹೋದ್ರೆ ಪಕ್ಕೆ ಸಿಕ್ತದೆ. ಸಿಕ್ಕಿದ್ ಮೇಲೆ ಕೈಯಲ್ಲೇ ಮಣ್ಣು ತೆಗೀಬೇಕು, ಮಗು ಮುಖ ಒರೆಸ್ದಂಗೆ." ಹಿಂದೆ ಇನ್ನೊಬ್ಬ ಬಿಳಿ ಟೇಪು ಎಳೆದುಕೊಂಡು ಬರುತ್ತಿದ್ದ. ಟೇಪಿನ ಒಳಗೆ ಇದ್ದರೆ ಬದುಕು, ಆಚೆ ಕಾಲಿಟ್ಟರೆ ಸಾವು.

ಯುದ್ಧ ಮುಗಿಯಿತು. ಪಶ್ಚಿಮಿ ಸ್ಟಾರ್ ಪದಕ ಬಂತು. 1972ರ ಶುರುವಿನಲ್ಲಿ ತಾತ ರಜೆಗೆ ಊರಿಗೆ ಬಂದ. ಮುಂದಿನದನ್ನು ಅವನು ನನಗೆ ಹೇಳಲಿಲ್ಲ, ಅಜ್ಜಿ ಹೇಳಿದಳು.

ಬಸ್ಸಿಳಿದ ಕಡೆ ಒಂದು ಹೋಟ್ಲು. ಗೋಡೆಯ ಹೊರಗೆ ಮೊಳೆ ಹೊಡೆದು ನಮ್ಮವರ ಲೋಟಗಳನ್ನು ನೇತು ಹಾಕಿದ್ದರು. ತಾತ ಯೂನಿಫಾರಂನಲ್ಲಿದ್ದ. ಹೋಟ್ಲಿನವನು ಕೆಟ್ಟವನೇನೂ ಅಲ್ಲ, ಖುಷಿಯಿಂದಲೇ, "ಓಹೋ, ನಮ್ಮ ಮಿಲ್ಟ್ರಿಯವ್ನು ಬಂದ! ಇವತ್ತು ಕಾಸು ಬ್ಯಾಡ, ತಗಳ್ಳಪ್ಪ" ಅಂದ. ಅಂದು, ಗೋಡೆಯ ಮೇಲಿನ ಲೋಟವನ್ನು ಕಣ್ಣಲ್ಲೇ ತೋರಿಸಿದ. ತಾತ ಲೋಟ ತೆಗೆದುಕೊಂಡ. ಮೇಲಿಂದ ಸುರಿದ ಟೀ ಹಿಡಿದು ಕುಡಿದ. ತೊಳೆದ. ಮತ್ತೆ ಮೊಳೆಗೆ ನೇತು ಹಾಕಿದ. ಕೇರಿಗೆ ನಡೆದು ಬಂದ.

ಆಮೇಲೆ ಅವನು ಊರಿನಲ್ಲಿ ಯಾವತ್ತೂ ಟೀ ಕುಡಿಯಲಿಲ್ಲ. 1978ರಲ್ಲಿ ಪಿಂಚಣಿಯಾಗಿ ಬಂದ ಮೇಲೂ ಇಲ್ಲ. "ಅವ್ನಿಗೆ ಟೀ ಅಭ್ಯಾಸ ಇಲ್ಲ" ಅಂತ ಊರಿನವರು ತಿಳಿದಿದ್ದರು. ಮನೆಯಲ್ಲಿ ದಿನಕ್ಕೆ ಮೂರು ಸಲ ಕುಡಿಯುತ್ತಿದ್ದ, ಸೈನ್ಯದಿಂದ ತಂದ ಎನಾಮಲ್ ಮಗ್ಗಿನಲ್ಲಿ. ಅಂಚಿನಲ್ಲಿ ಎನಾಮಲ್ ಎದ್ದುಹೋಗಿ ಕಪ್ಪಾಗಿದ್ದ ಮಗ್ಗು ಅದು.

ನಲವತ್ತು ವರ್ಷಕ್ಕೂ ಮಿಕ್ಕಿ ಒಬ್ಬ ಮನುಷ್ಯ ಸದ್ದಿಲ್ಲದೆ ಟೀ ಬಿಟ್ಟಿದ್ದನ್ನು ಏನೆಂದು ಕರೆಯಬೇಕು? ಪ್ರತಿಭಟನೆಯೇ? ಯಾರಿಗೂ ಗೊತ್ತಾಗದ ಪ್ರತಿಭಟನೆ ಪ್ರತಿಭಟನೆಯಾಗುತ್ತದೆಯೇ? ಅದರಿಂದ ಹೋಟ್ಲಿನವನಿಗೆ ಏನೂ ಆಗಲಿಲ್ಲ. ಮೊಳೆಯ ಮೇಲೆ ಲೋಟಗಳು ನೇತಾಡುತ್ತಲೇ ಇದ್ದವು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಆಗಲೇ ಇಪ್ಪತ್ತೆರಡು ವರ್ಷ ಆಗಿತ್ತು. 1955ರ ಕಾನೂನು ಅದನ್ನು ಶಿಕ್ಷಾರ್ಹ ಮಾಡಿಯೂ ಆಗಿತ್ತು. ಆ ಸಂವಿಧಾನದ ಗಡಿ ಕಾಯ್ದವನು ಆ ಲೋಟವನ್ನು ತೊಳೆದಿಟ್ಟ.

ತಾತನ ಕಥೆ ಹೊಸದಲ್ಲ. ನಮ್ಮ ಜನ ಈ ದೇಶದಲ್ಲಿ ಬಹಳ ಹಿಂದಿನಿಂದಲೂ ಪರರಿಗಾಗಿ ಹೊಡೆದಾಡಿದ್ದಾರೆ. 1818ರ ಜನವರಿ 1ರಂದು ಭೀಮಾ ನದಿಯ ದಡದ ಕೋರೆಗಾಂವ್‌ನಲ್ಲಿ ಪೇಶ್ವೆಯ ದೊಡ್ಡ ಸೈನ್ಯವನ್ನು ಕಂಪನಿಯ ಸಣ್ಣ ದಳ ಎದುರಿಸಿತು. ಅಲ್ಲಿನ ಕಂಬದ ಮೇಲೆ ಕೊರೆದಿರುವ ಸತ್ತವರ ಹೆಸರುಗಳಲ್ಲಿ 22 ಮಹಾರರವು ಅಂತ ಗುರುತಿಸಲಾಗಿದೆ. ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರ ಭರ್ತಿಯನ್ನೇ ನಿಲ್ಲಿಸಿದರು. ಕಾರಣ? ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಹುಟ್ಟಿದವು, ಧೈರ್ಯ ರಕ್ತದಲ್ಲಿ ಬರುತ್ತದೆ, ಉಳಿದವರಿಗೆ ಅದಿಲ್ಲ ಅನ್ನುವ ಸಿದ್ಧಾಂತ. ಗೋಪಾಲ ಬಾಬಾ ವಲಂಗಕರ್ ಎಂಬ ನಿವೃತ್ತ ಸೈನಿಕ ಆಗಲೇ ಇದರ ವಿರುದ್ಧ ಮನವಿ ಬರೆದರು. ಅಂಬೇಡ್ಕರ್ ಅವರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು. ಆ ಬಾಗಿಲು ಮುಚ್ಚಿದ್ದರ ಅರ್ಥ ಅಂಬೇಡ್ಕರ್ ಅವರಿಗೆ ಮನೆಯಿಂದಲೇ ಗೊತ್ತಿತ್ತು. ಮತ್ತೆ ಮಹಾರ್ ರೆಜಿಮೆಂಟ್ ಆಗಬೇಕು ಅಂತ ಅವರೂ ಒತ್ತಾಯಿಸಿದರು. 1941ರಲ್ಲಿ ಅದು ಆಯಿತು, ನಮ್ಮ ಬೆಳಗಾವಿಯಲ್ಲೇ.

ಆ ಸಿದ್ಧಾಂತವನ್ನು ಗಮನಿಸಿ, ಗೆಳೆಯರೇ. ಧೈರ್ಯ ಹುಟ್ಟಿನಿಂದ ಬರುತ್ತದೆ, ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ. ಇದು ಜಾತಿಪದ್ಧತಿಯದೇ ಮಾತು, ಬೇರೆ ಅಂಗಿ ತೊಟ್ಟಿದೆ ಅಷ್ಟೆ. ಬಿ.ಎ. ಓದುತ್ತಿದ್ದ ನಾನು, ಮೇಜಿನ ಮೇಲೆ ಅಂಬೇಡ್ಕರ್ ಪುಸ್ತಕ ಇಟ್ಟುಕೊಂಡಿದ್ದ ನಾನು, ತಾತನ ಮುಂದೆ ಇದೇ ಮಾತನ್ನು ಆಡಿದೆ.

2019ರ ಏಪ್ರಿಲ್. ಲೋಟ ನೇತು ಹಾಕುವ ಪದ್ಧತಿ ಹೋಗಿ ಎಷ್ಟೋ ವರ್ಷವಾಗಿತ್ತು. ಈಗ ಒಳಗಿನವರಿಗೆ ಸ್ಟೀಲು ಲೋಟ, ನಮ್ಮವರಿಗೆ ಹೊರಗೆ ಪ್ಲಾಸ್ಟಿಕ್ ಕಪ್ಪು. ಕೇಳಿದರೆ, "ತೊಳೆಯೋರಿಲ್ಲ ಕಣ್ರಪ್ಪ, ನಿಮಗೇ ಅನುಕೂಲ" ಅನ್ನುವ ಉತ್ತರ. ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಯ ಮೆರವಣಿಗೆ ಮುಗಿಸಿ ಒಳಗೆ ಹೋಗಿ ಕೂತು ಸ್ಟೀಲು ಲೋಟದಲ್ಲಿ ಟೀ ಕೇಳುವುದು ಅಂತ ನಾವು ಏಳು ಹುಡುಗರು ತೀರ್ಮಾನ ಮಾಡಿದೆವು. ತಾತ ಪದಕ ಹಾಕಿಕೊಂಡು ಮುಂದೆ ನಿಂತರೆ ಯಾರೂ ಏನೂ ಮಾಡಲಾರರು ಅನ್ನುವುದು ನನ್ನ ಲೆಕ್ಕ. ಕೇಳಿದೆ. ಅವನು, "ಬ್ಯಾಡ ಮಗಾ" ಅಂದ.

ನನಗೆ ಸಿಟ್ಟು ಬಂತು. "ಪಾಕಿಸ್ತಾನದ ಮೈನಿಗೆ ಹೆದರದವ್ನು ಒಂದು ಲೋಟಕ್ಕೆ ಹೆದರ್ತೀಯಲ್ಲ ತಾತ. ನೀನು ಹೇಡಿ" ಅಂದೆ. ಅಜ್ಜಿ ಒಲೆಯ ಮುಂದಿಂದ ಎದ್ದು ಬಂದಳು. ತಾತ ಅವಳನ್ನು ಕೈಸನ್ನೆಯಲ್ಲೇ ತಡೆದ. ಉಂಡು ಮಲಗುವವರೆಗೂ ಮಾತಾಡಲಿಲ್ಲ. ರಾತ್ರಿ ಜಗುಲಿ ಮೇಲೆ ನನ್ನ ಪಕ್ಕ ಬಂದು ಕೂತ.

"ಮೈನು ಕೀಳುವಾಗ ನಾನು ಒಬ್ನೇ ಇರ್ಲಿಲ್ಲ ಕಣಪ್ಪ. ಹಿಂದೆ ಟೇಪು ಹಿಡಿಯೋನಿದ್ದ. ಅವನ ಹಿಂದೆ ಗನ್ನು ಹಿಡಿದೋನಿದ್ದ. ಅವನ ಹಿಂದೆ ಸ್ಟ್ರೆಚರ್ ಇತ್ತು. ನಾನು ಸತ್ರೆ ನಿಮ್ಮಜ್ಜಿಗೆ ಪಿಂಚಣಿ ಬರ್ತದೆ ಅಂತ ಗೊತ್ತಿತ್ತು. ಎಪ್ಪತ್ತೆರಡ್ರಲ್ಲಿ ಆ ಹೋಟ್ಲು ಮುಂದೆ ನನ್ನ ಹಿಂದೆ ಯಾರಿದ್ರು, ಹೇಳು? ನಾನು ರಜಾ ಮುಗ್ಸಿ ರೈಲು ಹತ್ತುತೀನಿ. ಕೇರಿ ಇಲ್ಲೇ ಇರ್ತದೆ. ಅವರ ಹೊಲದಲ್ಲೇ ಕೂಲಿಗೆ ಹೋಗ್ಬೇಕು."

ಸ್ವಲ್ಪ ಹೊತ್ತು ಬಿಟ್ಟು ಕೇಳಿದ. "ನೀವು ಏಳು ಜನ. ನಾಳೆ ಯಾರೂ ಕೂಲಿಗೆ ಕರೀಲಿಲ್ಲ ಅಂದ್ರೆ ಎಷ್ಟು ಮನೇಲಿ ಎಷ್ಟು ದಿವ್ಸಕ್ಕೆ ಅಕ್ಕಿ ಇದೆ? ಲೆಕ್ಕ ಹಾಕಿದೀಯಾ?"

ಹಾಕಿರಲಿಲ್ಲ. ಭಾಷಣ ಬರೆದಿದ್ದೆ, ಘೋಷಣೆ ಬರೆದಿದ್ದೆ, ಒಂದು ಪದ್ಯವನ್ನೂ ಬರೆದಿದ್ದೆ. ಅಕ್ಕಿಯ ಲೆಕ್ಕ ಹಾಕಿರಲಿಲ್ಲ.

ಆದರೂ ತಾತನ ಮಾತನ್ನು ಅವತ್ತು ನಾನು ಪೂರ್ತಿ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಎಲ್ಲರೂ ಲೆಕ್ಕ ಹಾಕುತ್ತ ಕೂತರೆ ಮೊದಲು ಕಾಲಿಡುವವರು ಯಾರು? 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡ್‌ನ ಚವದಾರ್ ಕೆರೆಗಿಳಿದು ನೀರು ಕುಡಿದಾಗ ಎಲ್ಲ ಲೆಕ್ಕವೂ ಸರಿಯಾಗಿತ್ತೇ? ನೀರು ಕುಡಿದು ಬಂದವರ ಮೇಲೆ ಸವರ್ಣೀಯರು ಬಿದ್ದು ಹೊಡೆದರು. ಕೆರೆಯನ್ನು ಶುದ್ಧ ಮಾಡಿಕೊಂಡರು. ಕೆರೆಯ ಹಕ್ಕು ನಮ್ಮವರದೂ ಹೌದು ಅಂತ ಮುಂಬೈ ಹೈಕೋರ್ಟು ಹೇಳುವ ಹೊತ್ತಿಗೆ 1937 ಬಂದಿತ್ತು. ಹತ್ತು ವರ್ಷ. ಕಾಯುತ್ತ ಕೂತಿದ್ದರೆ ಇನ್ನೂ ಕಾಯುತ್ತಿದ್ದೆವು.

ಆದರೆ ಮಹಾಡ್‌ನಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿ ಸೇರಿದವರಲ್ಲಿ ನಿವೃತ್ತ ಮಹಾರ್ ಸೈನಿಕರೂ ಇದ್ದರು. ತಾತನಂಥವರೇ. ಸೈನ್ಯದಲ್ಲಿ ಪದಕ ಪಡೆದು, ಊರಿಗೆ ಬಂದು ಕೆರೆಯ ನೀರು ಮುಟ್ಟಲಾರದೆ ಬದುಕಿದವರು. ಅವರೂ ಅದಕ್ಕೆ ಮುಂಚೆ ಒಬ್ಬೊಬ್ಬರಾಗಿ ಎಷ್ಟು ವರ್ಷ ತಲೆ ತಗ್ಗಿಸಿ ನಡೆದಿರಬೇಕು! ಅವತ್ತು ಸಾವಿರಾರು ಜನ ಒಟ್ಟಿಗೆ ನಡೆದರು, ಮುಂದೆ ಒಬ್ಬ ನಾಯಕನಿದ್ದ, ಕೆರೆಗೆ ಇಳಿದರು. ಅವರ ರಕ್ತ ಹಿಂದಿನ ರಾತ್ರಿ ಬದಲಾಗಲಿಲ್ಲ. ಬದಲಾದದ್ದು ಅವರ ಅಕ್ಕಪಕ್ಕ.

ನನಗೆ ಅರ್ಥವಾದದ್ದು ಇಷ್ಟು. ಧೈರ್ಯವನ್ನು ಜನ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಸರ್ಕಾರ ತನ್ನ ಸಿಪಾಯಿಗೆ ಅದನ್ನು ಲೆಕ್ಕ ಹಾಕಿ ಕೊಡುತ್ತದೆ: ಊಟ, ಬೂಟು, ಟೇಪು, ಸ್ಟ್ರೆಚರ್, ಹೆಂಡತಿಗೆ ಪಿಂಚಣಿ. ಅದೇ ಸಿಪಾಯಿ ತನ್ನ ಮನುಷ್ಯತ್ವಕ್ಕಾಗಿ ನಿಲ್ಲಬೇಕಾದಾಗ ಅವನಿಗೆ ಏನನ್ನೂ ಕೊಡುವುದಿಲ್ಲ. ಕೇರಿಗೂ ಕೊಡುವಷ್ಟು ಶಕ್ತಿ ಇರುವುದಿಲ್ಲ. ಆಗ ಅವನು ಸುಮ್ಮನಾದರೆ ಹೇಡಿ ಅನ್ನುವುದು ಸುಲಭ. "ನಿನ್ನ ಹಿಂದೆ ನಾನು ಇದ್ದೆನೇ?" ಅಂತ ತನ್ನನ್ನೇ ಕೇಳಿಕೊಳ್ಳುವುದು ಕಷ್ಟ.

ಏಪ್ರಿಲ್ 14ಕ್ಕೆ ನಾವು ಹೋದೆವು. ಒಳಗೆ ಕೂತೆವು. ಟೀ ಕೊಡಲಿಲ್ಲ, ಎದ್ದೇಳಿ ಅಂತಲೂ ಅನ್ನಲಿಲ್ಲ. ಜನ ಸೇರಿದರು. ಬೈಗುಳ ಶುರುವಾಯಿತು. ನನ್ನ ಕಾಲು ನಡುಗುತ್ತಿತ್ತು, ಬರೆದಿಟ್ಟುಕೊಂಡಿದ್ದ ಭಾಷಣದ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಆಗ ಕಿಟಕಿಯಾಚೆ ನೋಡಿದೆ. ರಸ್ತೆಯ ಆ ಕಡೆ ಹುಣಸೆ ಮರದ ಕೆಳಗೆ ತಾತ ನಿಂತಿದ್ದ. ಯೂನಿಫಾರಂ ಇಲ್ಲ, ಪದಕ ಇಲ್ಲ, ಪಂಚೆ, ಬನೀನು. ಅವನ ಜೊತೆ ಕೇರಿಯ ಐದಾರು ಜನ ಮುದುಕರು. ಏನೂ ಮಾಡಲಿಲ್ಲ, ಮಾತಾಡಲಿಲ್ಲ. ನಾವು ಎದ್ದು ಹೊರಗೆ ಬರುವವರೆಗೂ ಬಿಸಿಲಲ್ಲಿ ನಿಂತೇ ಇದ್ದರು. ಸೇರಿದ ಜನ ನಮ್ಮ ಮೇಲೆ ಕೈ ಮಾಡದೇ ಇದ್ದದ್ದು ಅವರಿಂದಲೋ, ಪೊಲೀಸು ಬಂದಾರೆಂಬ ಭಯದಿಂದಲೋ, ನಾನು ಹೇಳಲಾರೆ.

ಹೋಟ್ಲು ಒಂದು ತಿಂಗಳು ಮುಚ್ಚಿತು. ಆಮೇಲೆ ತೆಗೆದಾಗ ಎಲ್ಲರಿಗೂ ಪೇಪರ್ ಕಪ್ಪು. ಇದನ್ನು ಗೆಲುವು ಅನ್ನಬೇಕೋ, ಸ್ಟೀಲು ಲೋಟವನ್ನು ಬಚ್ಚಿಟ್ಟುಕೊಳ್ಳುವ ಉಪಾಯ ಅನ್ನಬೇಕೋ, ನಮ್ಮಲ್ಲೇ ಇನ್ನೂ ಜಗಳ ಇದೆ. ಆದರೆ ಆ ತಿಂಗಳು ತಾತ ಹೇಳಿದ್ದೇ ಆಯಿತು. ಮೂರು ಮನೆಯ ಹೆಂಗಸರನ್ನು ಕೂಲಿಗೆ ಕರೆಯಲಿಲ್ಲ. ಆ ಮೂರು ಮನೆಗೂ ಅಕ್ಕಿ ಹೋಯಿತು. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಆ ತಿಂಗಳು ಅಜ್ಜಿ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಿದಾಗ ತಾನೇ ಗೊತ್ತಾಯಿತು. ತಾತನ ಪಿಂಚಣಿ ಅಲ್ಲಿಗೆ ಹೋಗಿತ್ತು. ಅಜ್ಜಿಯ ಧೈರ್ಯವನ್ನು ಯಾವ ಪುಸ್ತಕದಲ್ಲಿ ಬರೆಯುತ್ತೀರಿ? ನಾನೂ ಇಷ್ಟು ಹೊತ್ತು ಬರೆದಿರಲಿಲ್ಲ, ನೋಡಿ.

ತಾತನಿಗೆ ತಪ್ಪಾಯಿತು ಅಂತ ಹೇಳಬೇಕು ಅಂದುಕೊಂಡೆ. ನಮ್ಮ ಮನೆಗಳಲ್ಲಿ ಗಂಡಸರು ಹಾಗೆಲ್ಲ ಹೇಳುವುದಿಲ್ಲ. ಒಂದು ದಿನ ಟೀ ಮಾಡಿ ಅವನ ಮಗ್ಗಿಗೆ ಹಾಕಿ ಕೊಟ್ಟೆ. "ಸಕ್ರೆ ಜಾಸ್ತಿ ಆಯ್ತು" ಅಂದ. ಅಷ್ಟೆ.

2022ರ ಅಕ್ಟೋಬರಿನಲ್ಲಿ ತಾತ ತೀರಿಕೊಂಡ. ಊರಿನ ದೊಡ್ಡವರು ಕೇರಿಗೆ ಬಂದರು. ಬಂದದ್ದು ನಿಜ, ಅದನ್ನು ಮರೆಮಾಚುವುದಿಲ್ಲ. ಹಾರ ತಂದರು. "ನಮ್ಮೂರಿನ ಹೆಮ್ಮೆಯ ವೀರಯೋಧ" ಅಂತ ಒಬ್ಬರು ಮಾತಾಡಿದರು. ಹುಡುಗರು "ಜೈ ಜವಾನ್" ಅಂತ ಕೂಗಿದರು. ನಾನು ಕಣ್ಣೊರೆಸಿಕೊಂಡೆ.

ನಮ್ಮ ಕೇರಿಯ ಸುಡುಗಾಡಿಗೆ ದಾರಿ ಇಲ್ಲ. ಹೊಲಗಳ ನಡುವೆ ಹೋಗಬೇಕು. ಹಾರ ಹಾಕಿದವರಲ್ಲೇ ಒಬ್ಬರದು ಆ ಹೊಲ. ರಾಗಿ ತೆನೆ ಬಂದಿತ್ತು. ಅವರು ಬಹಳ ನಯವಾಗಿಯೇ, "ಬೆಳೆ ಇದೆಯಲ್ಲಪ್ಪ, ಈ ಸಲ ಕೆರೆ ಏರಿ ಕಡೆಯಿಂದ ಹೋಗ್ಬಿಡಿ" ಅಂದರು. ಆ ವರ್ಷ ಮಳೆ ಜೋರಾಗಿತ್ತು. ಕೋಡಿ ಹರಿಯುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ನಾವು ತಾತನನ್ನು ಹೊತ್ತುಕೊಂಡು ಹೋದೆವು. ಹೊಳೆಗೆ ಸೇತುವೆ ಹಾಕಿದವನು, ಇನ್ನೊಬ್ಬರ ಟ್ಯಾಂಕಿಗೆ ದಾರಿ ಬಿಡಿಸಿದವನು. ಅವನ ಹೆಣಕ್ಕೆ ಹತ್ತಡಿ ದಾರಿ ಇರಲಿಲ್ಲ.

ವೀರ ಅನ್ನುವ ಮಾತು ಎಷ್ಟು ಅಗ್ಗ ಅಂತ ಆ ನೀರಿನಲ್ಲಿ ನಿಂತಾಗ ತಿಳಿಯಿತು. ಅದಕ್ಕೆ ಯಾರೂ ಏನೂ ಖರ್ಚು ಮಾಡಬೇಕಾಗಿಲ್ಲ. ಹೊಲದ ಒಂದು ಸಾಲನ್ನೂ ಬಿಡಬೇಕಾಗಿಲ್ಲ. ಸತ್ತವನನ್ನು ವೀರ ಮಾಡಿದರೆ ಅವನ ಜಾತಿ ಮರೆತುಹೋದ ಹಾಗೆ ಕಾಣುತ್ತದೆ. ಹೆಣ ಎತ್ತುವಾಗ ಅದು ಮತ್ತೆ ನೆನಪಾಗುತ್ತದೆ. ನಾನು ಹೇಡಿ ಅಂದಾಗಲೂ ನನಗೇನೂ ಖರ್ಚಾಗಿರಲಿಲ್ಲ. ನಮ್ಮ ಎರಡು ಮಾತಿಗೂ ಇದ್ದ ಸಂಬಂಧ ಅದೇ.

ಹಾಗಾದರೆ ಪ್ರೀತಿಸಿದವರನ್ನು ನೆನೆಯುವುದು ಹೇಗೆ? ಹೊಗಳಿದರೆ ಅವರು ತೊಳೆದಿಟ್ಟ ಲೋಟ ಮರೆಯಾಗುತ್ತದೆ. ಬರೀ ಲೋಟವನ್ನೇ ನೆನೆದರೆ ಅವರು ಹುಣಸೆ ಮರದ ಕೆಳಗೆ ನಿಂತದ್ದು ಮರೆಯಾಗುತ್ತದೆ. ಎರಡನ್ನೂ ಹೇಳಬೇಕು. ಹೇಳಿ, ಅವರ ಹಿಂದೆ ಯಾರಿರಬೇಕಾಗಿತ್ತೋ ಆ ಜಾಗದಲ್ಲಿ ಈಗ ನಾವು ನಿಲ್ಲಬೇಕು. ಬೇರೆ ಯಾರಿಗಾದರೂ ಆಗಲಿ.

ಸುಡುಗಾಡಿನ ದಾರಿಗೆ ಅರ್ಜಿ ಕೊಟ್ಟಿದ್ದೇವೆ. ಈ ಸಲ ಅರ್ಜಿಗೆ ಮುಂಚೆ ಅಕ್ಕಿಯ ಲೆಕ್ಕ ಹಾಕಿದ್ದೇವೆ. ಯಾವ ಮನೆಗೆ ಎಷ್ಟು ದಿನ ಕೂಲಿ ತಪ್ಪಬಹುದು, ಯಾರು ಯಾರಿಗೆ ಕೊಡುವುದು ಅಂತ ಒಂದು ನೋಟುಬುಕ್ಕಿನಲ್ಲಿ ಬರೆದಿದ್ದೇವೆ. ಸಹಿ ಹಾಕಿದವರು ಏಳು ಜನರಲ್ಲ, ನಲವತ್ತಮೂರು ಜನ. ಮೊದಲನೆಯ ಹೆಬ್ಬೆಟ್ಟು ಅಜ್ಜಿಯದು.

ಇದನ್ನು ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರುಗಳಿದ್ದೀರಿ. ಬರುವ ಆಗಸ್ಟ್ 15ಕ್ಕೆ ನಿಮ್ಮೂರಿನ ಯಾವನಾದರೂ ಮುದುಕ ಸಿಪಾಯಿಯನ್ನು ಕರೆದು ಶಾಲು ಹೊದಿಸುತ್ತೀರಿ. ಹೊದಿಸಿ. ಅವನು ಎಲ್ಲಿ ಹೊಡೆದಾಡಿದ ಅಂತ ಮಕ್ಕಳು ಕೇಳಲಿ. ಆಮೇಲೆ ಅವನು ಊರಿನಲ್ಲಿ ಎಲ್ಲಿ ಟೀ ಕುಡಿಯುತ್ತಾನೆ, ಸತ್ತರೆ ಯಾವ ದಾರಿಯಲ್ಲಿ ಹೋಗುತ್ತಾನೆ ಅಂತಲೂ ಮಕ್ಕಳು ಕೇಳಲಿ. ಅವನು ಸುಮ್ಮನಿದ್ದರೆ ಮಕ್ಕಳಿಗೆ ನೀವು ಉತ್ತರ ಹೇಳಬೇಕಾಗುತ್ತದೆ.